ಸ್ವಾಧೀನ ತಪ್ಪಿದ ಕೈಗೆ ಎಷ್ಟು ಅಭ್ಯಾಸ ಬೇಕು?

ನಮ್ಮ ಕರಾವಳಿಯಲ್ಲಿ ಪಾರ್ಶ್ವವಾಯು ಆದವರ ಮನೆಗೆ ಹೋದರೆ ಎರಡು ಸಾಮಾನು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಮಾಡಿನ ಪಕ್ಕಾಸಿಗೆ ಕಟ್ಟಿದ ಒಂದು ರಾಟೆ ಮತ್ತು ಹಗ್ಗ. ಹಿಸುಕಲು ಒಂದು ಸ್ಪಂಜಿನ ಬಾಲ್. ಸರಿಯಿರುವ ಕೈಯಿಂದ ಹಗ್ಗ ಎಳೆದರೆ ಬಿದ್ದ ಕೈ ಮೇಲೇಳುತ್ತದೆ. ಬಾಲನ್ನು ಟಿವಿ ನೋಡುತ್ತಾ ಹಿಸುಕುತ್ತಾ ಕೂರಬಹುದು. ಯಾರೋ ನೆಂಟರು ಹೇಳಿರುತ್ತಾರೆ, ಯಾರಿಗೋ ಗುಣ ಆಗಿರುತ್ತದೆ. ಖರ್ಚೂ ಕಮ್ಮಿ.

ಸಂಶೋಧನೆ ಹೇಳುವುದು ಮಾತ್ರ ಬೇರೆಯೇ. ಮೊದಲು ರಾಟೆಯ ವಿಷಯ. ಭುಜದಲ್ಲಿ ತೋಳಿನ ಮೂಳೆ ಕೂತಿರುವ ಗುಂಡಿ ಆಳವಿಲ್ಲ. ಅದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಸ್ಟ್ರೋಕ್ ಆದಾಗ ಅವು ಸಡಿಲವಾಗಿ, ಕೈಯ ಭಾರಕ್ಕೆ ಮೂಳೆ ಸ್ವಲ್ಪ ಕೆಳಗೆ ಜಾರುತ್ತದೆ. ನಾವು ಕೈ ಎತ್ತುವಾಗ ಬೆನ್ನ ಹಿಂದಿನ ಹೆಗಲ ಮೂಳೆಯೂ ಜೊತೆಗೆ ತಿರುಗಬೇಕು. ರಾಟೆ ಎಳೆದಾಗ ತೋಳು ಮಾತ್ರ ಮೇಲೆ ಹೋಗುತ್ತದೆ, ಹೆಗಲ ಮೂಳೆ ಇದ್ದಲ್ಲೇ ಇರುತ್ತದೆ, ನಡುವಿನ ಮೆತ್ತಗಿನ ಭಾಗ ಸಿಕ್ಕಿಕೊಂಡು ನಲುಗುತ್ತದೆ. 1990ರಲ್ಲಿ 28 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಥೆರಪಿಸ್ಟ್ ಕೈ ಹಿಡಿದು ಆಡಿಸಿದವರಲ್ಲಿ ಶೇ. 8 ಜನರಿಗೆ ಭುಜನೋವು ಬಂತು. ರಾಟೆ ಎಳೆದವರಲ್ಲಿ ಶೇ. 62 ಜನರಿಗೆ! ಅಧ್ಯಯನ ಚಿಕ್ಕದು, ನಿಜ. ಆದರೆ ವ್ಯತ್ಯಾಸ ಚಿಕ್ಕದಲ್ಲ.

ಬಾಲ್ ಅಷ್ಟು ಅಪಾಯದ್ದಲ್ಲ. ಅದರ ಸಮಸ್ಯೆ ಬೇರೆ. ಟ್ವಿಚೆಲ್ ಎಂಬ ವೈದ್ಯ 121 ರೋಗಿಗಳನ್ನು ಗಮನಿಸಿ 1951ರಲ್ಲಿ ಬರೆದ ಪ್ರಕಾರ, ಕೈಗೆ ಚಲನೆ ಮರಳುವುದು ಒಂದು ಕ್ರಮದಲ್ಲಿ. ಸಾಮಾನ್ಯವಾಗಿ ಮುಷ್ಟಿ ಮುಚ್ಚುವುದು ಮೊದಲು ಬರುತ್ತದೆ, ಬೆರಳು ಬಿಡಿಸುವುದು ಆಮೇಲೆ. ಕೆಲವರಿಗೆ ಬರುವುದೇ ಇಲ್ಲ. ಲೋಟ ಹಿಡಿದದ್ದೇನೋ ಸರಿ, ಬಿಡಲು ಆಗದಿದ್ದರೆ ಏನು ಪ್ರಯೋಜನ? ಬೆರಳು ಆಗಲೇ ಬಿಗಿಯುತ್ತಿರುವ ಕೈಗೆ ದಿನವಿಡೀ ಹಿಸುಕುವ ಅಭ್ಯಾಸ ಕೊಟ್ಟರೆ, ಬೇಕಾದ ಪಾಠ ಬಿಟ್ಟು ಬಂದ ಪಾಠವನ್ನೇ ಓದಿಸಿದ ಹಾಗೆ.

ಪಾಠ ಎಂದೆ. ಸುಮ್ನೆ ಹೇಳಿದ್ದಲ್ಲ. ಕೈಗೆ ಸ್ವಾಧೀನ ತಪ್ಪಿದರೂ ಕೈಯ ಮೂಳೆಗೆ, ಸ್ನಾಯುವಿಗೆ ಏನೂ ಆಗಿರುವುದಿಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಅಲ್ಲಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು, ಕೈಗೆ ಆಜ್ಞೆ ಕಳಿಸುವ ಜೀವಕೋಶಗಳು ಸತ್ತಿವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಪಕ್ಕದಲ್ಲಿ ಉಳಿದ ಕೋಶಗಳು ಆ ಕೆಲಸವನ್ನು ಕಲಿಯಬಲ್ಲವು. ಅಮೆರಿಕದ ನರವಿಜ್ಞಾನಿ ರ್‍ಯಾಂಡಾಲ್ಫ್ ನುಡೊ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಕಣ್ಣಿಗೆ ಕಾಣುವಂತೆ ಸಿಕ್ಕಿತು. ಪುಟ್ಟ ಮಂಗಗಳ ಮಿದುಳಿನಲ್ಲಿ ಕೈಗೆ ಸೇರಿದ ಜಾಗದ ಒಂದು ಭಾಗಕ್ಕೆ ಹಾನಿ ಮಾಡಿದ್ದರು. ಹಾಗೇ ಬಿಟ್ಟ ಮಂಗಗಳಲ್ಲಿ ಉಳಿದಿದ್ದ ಜಾಗವೂ ಕುಗ್ಗಿತು. ಸಣ್ಣ ಗುಂಡಿಗಳಿಂದ ತಿಂಡಿ ಹೆಕ್ಕುವ ಅಭ್ಯಾಸ ಮಾಡಿಸಿದ ಮಂಗಗಳಲ್ಲಿ ಅದು ಉಳಿಯಿತು. ಕೆಲವಕ್ಕಂತೂ ಮೊಣಕೈ, ಭುಜಕ್ಕೆ ಸೇರಿದ್ದ ಜಾಗಕ್ಕೂ ಹಬ್ಬಿತು.

ಅಂದರೆ ಅಭ್ಯಾಸ ಮಾಡಬೇಕಾದ್ದು ಬಿದ್ದ ಕೈ. ನಡೆಯುವುದು ಇದರ ಉಲ್ಟಾ. ಒಂದು ಕೈ ಕೆಲಸ ಮಾಡದಿದ್ದರೆ ಇನ್ನೊಂದು ಕೈ ಎಲ್ಲವನ್ನೂ ವಹಿಸಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಆ ಕೈಯಿಂದ ಹತ್ತು ಸಲ ಪ್ರಯತ್ನಿಸಿ ಹತ್ತೂ ಸಲ ಸೋತವರು, ಮುಂದೆ ಸ್ವಲ್ಪ ಶಕ್ತಿ ಬಂದರೂ ಪ್ರಯತ್ನಿಸುವುದಿಲ್ಲ. ಅಮೆರಿಕದ ಎಡ್ವರ್ಡ್ ಟಾಬ್ ಇದನ್ನು ಮಂಗಗಳಲ್ಲೇ ಗುರುತಿಸಿದ್ದು. ಒಂದು ಕೈಯ ಸ್ಪರ್ಶದ ನರ ಕತ್ತರಿಸಿದರೆ, ಚಲನೆಯ ನರ ಸರಿಯಿದ್ದರೂ ಮಂಗ ಆ ಕೈಯನ್ನು ಬಿಟ್ಟೇಬಿಡುತ್ತದೆ. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮತ್ತೆ ಬಳಸುತ್ತದೆ. (1981ರಲ್ಲಿ ಇಂಥದೇ ಪ್ರಯೋಗದ ಮಂಗಗಳ ಸ್ಥಿತಿಯ ಬಗ್ಗೆ ದೂರು ಹೋಗಿ ಪೊಲೀಸರು ಟಾಬ್ ಅವರ ಲ್ಯಾಬಿಗೆ ದಾಳಿ ಮಾಡಿದರು, ಕೇಸು ನಡೆಯಿತು. ಈ ಜ್ಞಾನಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು.) ಆಮೇಲೆ ಇದನ್ನು ಮನುಷ್ಯರಲ್ಲಿ ಪ್ರಯತ್ನಿಸಿದರು. 2006ರ ಎಕ್ಸೈಟ್ ಅಧ್ಯಯನದಲ್ಲಿ 222 ರೋಗಿಗಳಿದ್ದರು. ಎಲ್ಲರೂ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರು. ಒಂದು ಗುಂಪಿಗೆ ಎರಡು ವಾರ, ಎಚ್ಚರ ಇರುವ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ದಪ್ಪ ಗವಸು ಹಾಕಿ, ಬಿದ್ದ ಕೈಗೆ ಗಂಟೆಗಟ್ಟಲೆ ಕೆಲಸ ಕೊಟ್ಟರು. ಮಾಮೂಲಿ ಚಿಕಿತ್ಸೆಯವರಿಗಿಂತ ಇವರ ಕೈ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ನಂತರವೂ ವ್ಯತ್ಯಾಸ ಉಳಿದಿತ್ತು. ಒಂದು ಷರತ್ತು ಇತ್ತು: ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಬರಬೇಕು. ಪೂರ್ತಿ ಬಿದ್ದ ಕೈಗೆ ಇದು ಆಗುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ, ಪ್ರೀತಿಯದ್ದು. "ಅಮ್ಮ, ನೀವು ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೇವೆ." ಬಲಗೈ ಬಿದ್ದವರಿಗೆ ಎಡಗೈಯಲ್ಲಿ ಉಣ್ಣುವುದು ಮುಜುಗರ, ಹಾಗಾಗಿ ಸೊಸೆಯೋ ಮಗನೋ ಗಂಜಿ ಕುಡಿಸುತ್ತಾರೆ. ಬಲಗೈಗೂ ಕೆಲಸವಿಲ್ಲ, ಎಡಗೈಗೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಫಿಸಿಯೋಥೆರಪಿಗೆ ಹೋದಾಗ ಕೈ ನಿಜವಾಗಿ ಎಷ್ಟು ಸಲ ಕೆಲಸ ಮಾಡುತ್ತದೆ? ಕ್ಯಾಥರಿನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ಏಳು ಕೇಂದ್ರಗಳಲ್ಲಿ ಪಕ್ಕದಲ್ಲಿ ನಿಂತು ಎಣಿಸಿದರು. ಒಟ್ಟು 312 ಸೆಷನ್. 2009ರಲ್ಲಿ ಬಂದ ಫಲಿತಾಂಶ: ಹಿಡಿಯುವುದು, ಎತ್ತಿಡುವುದು ಮುಂತಾದ ಉಪಯೋಗದ ಕೆಲಸ ಮಾಡಿಸಿದ ಸೆಷನ್ನುಗಳಲ್ಲೂ ಸರಾಸರಿ 32 ಸಲ. ಪ್ರಾಣಿಗಳ ಮಿದುಳು ಬದಲಾದ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ.

32 ಎಷ್ಟು ಕಮ್ಮಿ ಎಂದು ತಿಳಿಯಲು ಉಡುಪಿ ಹತ್ತಿರದ ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರನ್ನು ನೋಡಬೇಕು. ಕಟ್ಟಿದ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಚೆಂಡಿಗೆ ಸುಮಾರು 800 ಮೊಗ್ಗು. ಒಂದು ಕೈಯ ಬೆರಳ ನಡುವೆ ಬಾಳೆನಾರು. ಇನ್ನೊಂದು ಕೈ ಮೊಗ್ಗು ಹೆಕ್ಕುತ್ತದೆ, ತೊಟ್ಟು ಸಮ ಮಾಡಿ ಇಡುತ್ತದೆ, ನಾರು ಸುತ್ತುತ್ತದೆ, ಬಿಗಿಯುತ್ತದೆ, ಬಿಡುತ್ತದೆ. ಬಿಗಿ ಜಾಸ್ತಿಯಾದರೆ ತೊಟ್ಟು ತುಂಡಾಗುತ್ತದೆ, ಕಮ್ಮಿಯಾದರೆ ಮೊಗ್ಗು ಉದುರುತ್ತದೆ. ಪ್ರತಿ ಸುತ್ತಿಗೂ ಬೆರಳು ಮುಚ್ಚಲೂ ಬೇಕು, ಬಿಡಿಸಲೂ ಬೇಕು, ಬಲವನ್ನು ಅಳೆಯಲೂ ಬೇಕು. ಸ್ಟ್ರೋಕ್ ಆದ ಕೈಗೆ ಬೇಕಾದ ಮೂರೂ ಇದರಲ್ಲಿವೆ. ಸುಧಾರಿಸುತ್ತಿರುವವರು ನೇರ ಮೊಗ್ಗಿಗೆ ಹೋಗಲಾರರು, ಅದು ಬೇರೆ ಮಾತು. ಒಂದು ಗೆರಸೆಯಿಂದ ಇನ್ನೊಂದಕ್ಕೆ ಅಡಿಕೆ ಹೆಕ್ಕಿ ಹಾಕುವುದರಿಂದ ಶುರು ಮಾಡಬಹುದು. ಆಮೇಲೆ ಹುಣಸೆಬೀಜ. ಆಮೇಲೆ ದಪ್ಪ ದಾರ. ಬೀಡಿ ಕಟ್ಟಿ ಸಂಸಾರ ತೂಗಿದ ಹೆಂಗಸಿಗೆ ಪ್ಲಾಸ್ಟಿಕ್ ಕೋನ್ ಜೋಡಿಸಲು ಕೊಡುವುದಕ್ಕಿಂತ ಬೀಡಿ ಎಲೆಯ ಅಳತೆಗೆ ಕತ್ತರಿಸಿದ ಕಾಗದವನ್ನು ಸುರುಳಿ ಸುತ್ತಲು ಕೊಟ್ಟರೆ ಮನಸ್ಸು ನಿಲ್ಲುತ್ತದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ಲೆಕ್ಕ ಏರಿಸಿದಷ್ಟೂ ಗುಣ ಏರುತ್ತದಾ? ಅದೂ ಇಲ್ಲ. ಅದೇ ಲ್ಯಾಂಗ್ 2016ರಲ್ಲಿ 85 ಹಳೆಯ ರೋಗಿಗಳಿಗೆ ಒಟ್ಟು 3200, 6400, 9600 ಅಥವಾ ಇನ್ನೂ ಜಾಸ್ತಿ ಸಲ ಅಭ್ಯಾಸ ಮಾಡಿಸಿ ನೋಡಿದರು. ಸುಧಾರಣೆ ಸಣ್ಣದು, ಮತ್ತು ಜಾಸ್ತಿ ಮಾಡಿದವರಿಗೆ ಜಾಸ್ತಿ ಸಿಗಲಿಲ್ಲ. ಇವರೆಲ್ಲ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದವರು. ಆದ್ದರಿಂದ ಪ್ರಶ್ನೆ 'ಎಷ್ಟು' ಎಂಬಲ್ಲಿಂದ 'ಯಾವಾಗ' ಎಂಬಲ್ಲಿಗೆ ಹೊರಳಿತು. 2021ರಲ್ಲಿ 72 ರೋಗಿಗಳ ಅಧ್ಯಯನವೊಂದು ಬಂತು. ಮಾಮೂಲಿಗಿಂತ 20 ಗಂಟೆ ಹೆಚ್ಚಿನ ಅಭ್ಯಾಸವನ್ನು ಕೆಲವರಿಗೆ ಮೊದಲ ತಿಂಗಳೊಳಗೆ, ಕೆಲವರಿಗೆ ಎರಡು ಮೂರು ತಿಂಗಳಿಗೆ, ಕೆಲವರಿಗೆ ಆರು ತಿಂಗಳ ನಂತರ ಕೊಟ್ಟರು. ಹೆಚ್ಚು ಲಾಭವಾದದ್ದು ಎರಡು ಮೂರು ತಿಂಗಳಿನವರಿಗೆ. ನಮ್ಮಲ್ಲಿ ಬಹಳ ಜನ ಆಸ್ಪತ್ರೆಯಿಂದ ಬಂದು, ಫಿಸಿಯೋ ನಿಲ್ಲಿಸಿ, ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಮಲಗಿರುವ ಕಾಲ ಅದೇ ಅಲ್ವಾ?

ತೀರಾ ಅವಸರವೂ ಒಳ್ಳೆಯದಲ್ಲ. 2015ರ ಅವರ್ಟ್ ಅಧ್ಯಯನದಲ್ಲಿ 2104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಮತ್ತೆ ಮತ್ತೆ ನಿಲ್ಲಿಸಿ ನಡೆಸಿದ ಗುಂಪಿನಲ್ಲಿ, ಮೂರು ತಿಂಗಳಿಗೆ ಚೇತರಿಸಿಕೊಂಡವರು ಮಾಮೂಲಿ ಆರೈಕೆಯ ಗುಂಪಿಗಿಂತ ಕಮ್ಮಿ. ಎಲ್ಲರ ನಿರೀಕ್ಷೆ ಇದ್ದದ್ದು ತದ್ವಿರುದ್ಧ.

ಯಂತ್ರಗಳ ಕಥೆ ಬೇಗ ಮುಗಿಯುತ್ತದೆ. ಸೊಂಟಕ್ಕೆ ಬೆಲ್ಟ್ ಕಟ್ಟಿ ತೂಗಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವ ವಿಧಾನ 2011ರಲ್ಲಿ 408 ಜನರ ಪರೀಕ್ಷೆಯಲ್ಲಿ ಮನೆಯ ವ್ಯಾಯಾಮವನ್ನು ಮೀರಿಸಲಿಲ್ಲ. ಬ್ರಿಟನ್ನಿನಲ್ಲಿ 770 ಜನರ ಮೇಲೆ ನಡೆದ, ಬಿದ್ದ ಕೈಗೆ ರೋಬೋಟ್‌ನಿಂದ ಅಭ್ಯಾಸ ಮಾಡಿಸುವ ಪರೀಕ್ಷೆಯೂ (2019) ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಕೊಡಲಿಲ್ಲ. ಹೊಸದಾಗಿ ಭರವಸೆ ಹುಟ್ಟಿಸಿರುವುದು ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನ. ಆಪರೇಷನ್ ಮಾಡಿ ಎದೆಯ ಚರ್ಮದಡಿ ಇಡುತ್ತಾರೆ. 2021ರಲ್ಲಿ 108 ಜನರ ಪರೀಕ್ಷೆಯಲ್ಲಿ ಫಲ ಕಂಡಿತು. ಅದರಲ್ಲೂ ಥೆರಪಿಸ್ಟ್ ಬಟನ್ ಒತ್ತುವುದು ರೋಗಿ ಕೈ ಆಡಿಸುವ ಹೊತ್ತಿಗೆ, ಪ್ರತಿ ಸೆಷನ್ನಿಗೆ ಮುನ್ನೂರಕ್ಕೂ ಹೆಚ್ಚು ಸಲ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ವಿಷಯದಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಅಲ್ಲಿ ಹಾನಿ ಒಂದೇ ಕಡೆ ಇರದೆ ಮಿದುಳಿನಲ್ಲಿ ಹರಡಿರಬಹುದು. ನೆನಪು ನಿಲ್ಲುವುದಿಲ್ಲ, ಸಿಟ್ಟು ಬೇಗ ಬರುತ್ತದೆ, ಗಮನ ಚದುರುತ್ತದೆ. ಹೇಳಿಕೊಟ್ಟ ವ್ಯಾಯಾಮವೇ ಮರೆತುಹೋಗುತ್ತದೆ. ಮನೆಯವರು ಇದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ.

ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರ ಇಲ್ಲ, ಮಣಿಪಾಲದಲ್ಲಿ ಸ್ಟ್ರೋಕ್ ಪುನಶ್ಚೇತನದ ಸಂಶೋಧನೆಯೂ ನಡೆಯುತ್ತದೆ. ಆದರೆ ಬೈಂದೂರಿನ ಒಳಗಿನ ಊರಿಂದಲೋ ಸುಬ್ರಹ್ಮಣ್ಯದ ಕಡೆಯಿಂದಲೋ ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಬರುವವರು ಯಾರು? ಮನೆಯವರಿಗೇ ಕಲಿಸಿದರೆ ಹೇಗೆ ಎಂದು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದರು. ಅಟೆಂಡ್ ಎಂಬ ಈ ಅಧ್ಯಯನ 14 ಆಸ್ಪತ್ರೆಗಳ 1250 ರೋಗಿಗಳದ್ದು, ಪ್ರಕಟವಾದದ್ದು 2017ರಲ್ಲಿ. ಆರು ತಿಂಗಳಿಗೆ ನೋಡಿದರೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲಿ ಉಳಿದವರು ಮನೆಯವರಿಗೆ ಕಲಿಸಿದ ಗುಂಪು, ಮಾಮೂಲಿ ಚಿಕಿತ್ಸೆಯ ಗುಂಪು ಎರಡರಲ್ಲೂ ಶೇ. 47. ಏನೂ ವ್ಯತ್ಯಾಸ ಇಲ್ಲ. ಹಾಗೆಂದು ಮನೆಯವರ ಕೈಲಾಗುವುದಿಲ್ಲ ಎಂದು ಇದರಿಂದ ತೀರ್ಮಾನಿಸಲು ನಾನು ಒಪ್ಪುವುದಿಲ್ಲ. ಕೆಲವು ದಿನ ಕಲಿಸಿ ಮನೆಗೆ ಕಳಿಸಿದರೆ ಅಭ್ಯಾಸದ ಪ್ರಮಾಣ ಸಾಕಷ್ಟು ಏರುವುದು ಕಷ್ಟ ಎಂಬುದು ನನ್ನ ಅನುಮಾನ.

ಹಾಗಾಗಿ ಥೆರಪಿಸ್ಟ್ ಹತ್ತಿರ "ಎಷ್ಟು ಹೊತ್ತು ಮಾಡಬೇಕು" ಎನ್ನುವುದರ ಜೊತೆಗೆ "ಯಾವ ಕೆಲಸ, ಎಷ್ಟು ಸಲ" ಎಂದೂ ಕೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಲೆಕ್ಕ ಬರೆದಿಡಿ. ಹತ್ತು ಸಲಕ್ಕೆ ಹತ್ತೂ ಸಲ ಸಲೀಸಾಗಿ ಆಗುತ್ತಿದ್ದರೆ ಕೆಲಸವನ್ನು ಸ್ವಲ್ಪ ಕಷ್ಟ ಮಾಡಲು ಕೇಳಿ. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಬೀಳಿಸುತ್ತದೆ, ಹಿಂದೆ ಪಟ್ಟಿ ಇರುವುದನ್ನು ಕೊಡಿ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ, ಆ ನಾಲ್ಕು ತಿಂಗಳು ನಡಿಗೆಯ ಅಭ್ಯಾಸ ಚಾವಡಿಯಲ್ಲೇ ಆಗಲಿ, ಗೋಡೆಯ ಪಕ್ಕದಲ್ಲಿ, ಯಾರಾದರೂ ಹತ್ತಿರ ನಿಂತಿರುವಾಗ.