ಬ್ರಾಹ್ಮಿ ಎಂದರೆ ಯಾವ ಬ್ರಾಹ್ಮಿ?

ಮಳೆ ಹಿಡಿದು ಎರಡು ವಾರ ಆದರೆ ಸಾಕು, ಕಾಸರಗೋಡಿನ ಪೆರ್ಲದ ಹತ್ತಿರದ ನನ್ನ ಕ್ಲಿನಿಕ್ಕಿಗೆ ರೋಗಿಗಳ ಜೊತೆ ಗಿಡಗಳೂ ಬರಲು ಶುರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಬಾಳೆಲೆಯಲ್ಲಿ ಸುತ್ತಿ, ಒಮ್ಮೆಯಂತೂ ಮಡಚಿದ ಕೊಡೆಯೊಳಗೆ. "ಡಾಕ್ಟ್ರೇ, ಇದನ್ನು ಮನೆಯಲ್ಲಿ ನೆಟ್ಟರೆ ಒಳ್ಳೆಯದಲ್ವಾ?" ಆಯುರ್ವೇದ ವೈದ್ಯೆಯಾದ ನಾನು ಅದಕ್ಕೆ ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತೇನೆ: "ನೀವು ಇದಕ್ಕೆ ಎಂತ ಹೇಳ್ತೀರಿ?"

ಕಳೆದ ವರ್ಷ ಒಬ್ಬರು ತಾಯಿ ಬಂದಿದ್ದರು. ಮಗ ಹತ್ತನೇ ಕ್ಲಾಸು. ಪಕ್ಕದ ಮನೆಯ ಮಲಯಾಳಿ ಚೇಚಿ (ಅಕ್ಕ) "ಬ್ರಾಹ್ಮಿ ಕೊಡು, ನೆನಪು ಜಾಸ್ತಿಯಾಗುತ್ತದೆ" ಎಂದಿದ್ದರಂತೆ. ಇವರು ಬಾವಿಕಟ್ಟೆ ಬದಿಯ ಒಂದೆಲಗ ಅರೆದು ಕೊಡತೊಡಗಿದರು. ಒಂದು ದಿನ ಚೇಚಿ ಅದನ್ನು ನೋಡಿ, "ಅಯ್ಯೋ, ಇದು ಮುತ್ತಿಳ್, ಬ್ರಾಹ್ಮಿ ಅಲ್ಲ" ಎಂದರು. ಯಾರು ಸರಿ ಎಂದು ಕೇಳಲು ಎರಡೂ ಗಿಡ ಹಿಡಿದುಕೊಂಡು ಬಂದಿದ್ದರು.

ಇಬ್ಬರೂ ಸರಿಯೇ. ಕನ್ನಡದಲ್ಲಿ ಎಷ್ಟೋ ಕಡೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ತುಳುವಿನಲ್ಲಿ ಅದು ತಿಮರೆ. ಕೇರಳದ ವೈದ್ಯರಿಗೆ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಆಯುರ್ವೇದದ ಅಧಿಕೃತ ಔಷಧಕೋಶವೂ ಇವೆರಡನ್ನು ಬೇರೆ ಬೇರೆ ಇಟ್ಟಿದೆ: ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಮಂಡೂಕಪರ್ಣಿ ಎಂದರೆ ಒಂದೆಲಗ. ನೋಡಿದರೆ ಗುರುತು ಕಷ್ಟವಿಲ್ಲ. ಒಂದೆಲಗಕ್ಕೆ ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಎಲೆ, ದುಂಡಗೆ, ಅಂಚು ಕಚ್ಚುಕಚ್ಚಾಗಿ. ನೀರುಬ್ರಾಹ್ಮಿಯದ್ದು ಚಿಕ್ಕ ದಪ್ಪ ಎಲೆಗಳು, ದಂಟಿನ ಎರಡೂ ಬದಿಗೆ ಜೋಡಿಯಾಗಿ. ಗದ್ದೆಯ ಬದುವಿನಲ್ಲಿ ಬೆಳೆಯುತ್ತದೆ, ಬಾಯಿಗೆ ಹಾಕಿದರೆ ಕಹಿ. ನೆನಪಿನ ವಿಷಯಕ್ಕೆ ಬಂದರೆ, ನೀರುಬ್ರಾಹ್ಮಿಯಿಂದ ಸ್ವಲ್ಪ ಗುಣ ಕಂಡದ್ದು ಸುಮಾರು 12 ವಾರ ತಪ್ಪದೆ ತೆಗೆದುಕೊಂಡ ದೊಡ್ಡವರಲ್ಲಿ. ಪರೀಕ್ಷೆಯ ಹಿಂದಿನ ವಾರ ಹಿಂಡಿ ಕುಡಿಸಿದರೆ ಮಗನ ಹೊಟ್ಟೆ ತೊಳಸೀತು, ಅಷ್ಟೆ. ಒಂದೆಲಗದ ತಂಬುಳಿ ಮಾಡಿ ಹಾಕಿ ಎಂದು ಕಳಿಸಿದೆ.

ನಮ್ಮ ಕಾಸರಗೋಡಿನಲ್ಲಿ ಇದು ದಿನದ ಕಥೆ. ಒಂದೇ ಬೇಲಿಯ ಎರಡು ಬದಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ. ದೊಡ್ಡಪತ್ರೆಗೆ ನಮ್ಮ ಕಡೆ ಸಾಂಬ್ರಾಣಿ ಎನ್ನುವವರು ಬೇಕಷ್ಟು. ಸಾಂಬ್ರಾಣಿ ಗಡ್ಡೆ ಎಂದರೆ ಪಲ್ಯ ಮಾಡುವ ಕೂರ್ಕ. ದೇವರ ಮುಂದೆ ಹೊಗೆ ಹಾಕುವ ಸಾಂಬ್ರಾಣಿ ಮೂರನೆಯದು. ಮಲಯಾಳದ ಶಂಖುಪುಷ್ಪ ನೀಲಿ ಹೂವಿನ ಬಳ್ಳಿ. ಉತ್ತರದಿಂದ ಬರುವ ಟಾನಿಕ್ಕಿನ ಬಾಟಲಿಯ ಶಂಖಪುಷ್ಪಿ ನೆಲದಲ್ಲಿ ಹರಡುವ ಬೇರೆಯೇ ಗಿಡ. ಇವೆಲ್ಲ ತಪ್ಪಿದರೂ ದೊಡ್ಡ ಅನಾಹುತವಿಲ್ಲ. ಆಡುಮುಟ್ಟದ ಸೊಪ್ಪಿನದ್ದು ಹಾಗಲ್ಲ. ಆಡುಸೋಗೆಗೂ ಆ ಹೆಸರುಂಟು. ಆಡುಮುಟ್ಟದ ಬಳ್ಳಿ ಎಂದು ಇನ್ನೊಂದಿದೆ. ಎರಡನ್ನೂ ಕೆಮ್ಮು ದಮ್ಮಿಗೆ ಹೇಳುತ್ತಾರೆ. ಬಳ್ಳಿಯ ಎಲೆ ಜಾಸ್ತಿಯಾದರೆ ವಾಂತಿ ನಿಲ್ಲುವುದಿಲ್ಲ.

ಹೆಸರು ಸರಿಯಾದ ಮೇಲೆ ನನ್ನ ಎರಡನೇ ಪ್ರಶ್ನೆ: "ವಾರಕ್ಕೆ ಎಷ್ಟು ಸಲ ಕೊಯ್ಯುತ್ತೀರಿ?" ಇದನ್ನು ಕಲಿತದ್ದು ಪೆಟ್ಟು ತಿಂದೇ. ಮನೆ ಕಟ್ಟಿದ ವರ್ಷ ನಾನೂ ಹುಮ್ಮಸ್ಸಿನಲ್ಲಿ ಎಲ್ಲೆಲ್ಲಿಂದಲೋ ನಲವತ್ತು ಗಿಡ ತಂದು ಸಾಲಾಗಿ ನೆಟ್ಟು, ಲ್ಯಾಟಿನ್ ಹೆಸರಿನ ಬೋರ್ಡು ಚುಚ್ಚಿದ್ದೆ. ಎರಡನೇ ಮಳೆಗಾಲ ಮುಗಿಯುವಾಗ ಬೋರ್ಡು ನಲವತ್ತೂ ಇತ್ತು, ಗಿಡ ಉಳಿದದ್ದು ಏಳು. ಆ ಏಳೂ ಅಡುಗೆಮನೆಯ ಹಿಂಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಇದ್ದವು. ಅತ್ತೆ ದಿನಾ ಕೊಯ್ಯುತ್ತಿದ್ದರು. ಕೊಯ್ಯುವಾಗ ಕಳೆ ಕೀಳುತ್ತಿದ್ದರು, ಅಕ್ಕಿ ತೊಳೆದ ನೀರು ಚೆಲ್ಲುತ್ತಿದ್ದರು. ಅಂಗಳದ ಆ ತುದಿಯಲ್ಲಿ ನಾನು ನೆಟ್ಟ ಅಶ್ವಗಂಧವನ್ನು ಯಾರೂ ಮಾತಾಡಿಸಲಿಲ್ಲ. ಅದು ಒಣ ಸೀಮೆಯ ಗಿಡ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಅದಕ್ಕೆ ಏನು ಕೆಲಸ?

ಹಾಗಾಗಿ ಮೊದಲ ವರ್ಷ ಐದಾರು ಗಿಡ ಸಾಕು, ಎಲ್ಲವೂ ಬಾಯಿಗೆ ಹೋಗುವಂಥವು. ದೊಡ್ಡಪತ್ರೆಗೆ ಒಂದು ಕಡ್ಡಿ ಚುಚ್ಚಿದರೆ ಆಯಿತು. ಆದರೆ ಮಾಡಿನ ನೀರು ನೇರ ಬೀಳುವಲ್ಲಿ ಇಡಬೇಡಿ, ದಂಟು ಕೊಳೆಯುತ್ತದೆ. ಚಟ್ಟಿಯಲ್ಲಿ ಮರಳು, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ಜಗಲಿಯ ಅಂಚಿಗಿಡಿ. ಮಕ್ಕಳ ಶೀತಕ್ಕೆ ಎಲೆ ಬಾಡಿಸಿ ಹಿಂಡುವುದು ಎಲ್ಲರಿಗೂ ಗೊತ್ತು; ನನಗೆ ಅದಕ್ಕಿಂತ ಇಷ್ಟ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು ಮಾಡುವ ತಂಬುಳಿ. ಬೇವಿನೆಲೆಗೆ, ಅಂದರೆ ಕರಿಬೇವಿಗೆ, ಬಿಸಿಲು ಬೇಕು. ಪೇಟೆಯ ಬೇವಿನೆಲೆಯಲ್ಲಿ ಕೀಟನಾಶಕ ಸಿಕ್ಕಿತೆಂಬ ವರದಿ ಕೇರಳದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಗಿಡ ನೆಡಲು ಜಾಗ ಇದ್ದರೆ ಇದನ್ನೇ ನೆಡಿ. ಅರಸಿನ, ಶುಂಠಿ ಮೇ ಕೊನೆಯ ಮಳೆಗೆ ಮಣ್ಣಿಗಿಳಿಯಲಿ. ಗಡ್ಡೆ ಸಿಗುವುದು ಏಳೆಂಟು ತಿಂಗಳ ನಂತರ, ಆದರೆ ನಾಗರಪಂಚಮಿಯ ಅರಸಿನೆಲೆ ಗಟ್ಟಿಗೆ (ಎಲೆಯಲ್ಲಿ ಬೇಯಿಸುವ ಕಡುಬಿಗೆ) ಎಲೆ ಅಷ್ಟರಲ್ಲೇ ಸಿಗುತ್ತದೆ. ತುಳಸಿಯ ಕದಿರು ಬಂದ ಹಾಗೇ ಚಿವುಟುತ್ತಿದ್ದರೆ ಗಿಡ ಬೇಗ ಮುದಿಯಾಗುವುದಿಲ್ಲ.

ಕೊತ್ತಂಬರಿ ಸೊಪ್ಪಿಗೆ ಮಾತ್ರ ಜೂನ್‌ನಲ್ಲಿ ಆಸೆ ಪಡಬೇಡಿ. ಮೊಳಕೆ ಬಂದರೂ ಬುಡ ಕೊಳೆಯುತ್ತದೆ, ನವೆಂಬರ್ ತನಕ ಕಾಯಬೇಕು. ಮಳೆಗಾಲಕ್ಕೆ ಆಫ್ರಿಕನ್ ಮಲ್ಲಿ ಎಂದು ಒಂದು ಸಿಗುತ್ತದೆ. ಉದ್ದ ಎಲೆ, ಗರಗಸದ ಅಂಚು, ಪರಿಮಳ ಕೊತ್ತಂಬರಿಗಿಂತ ಜೋರು. ನೆರಳಲ್ಲೂ ಬರುತ್ತದೆ. ಮುಳ್ಳುಮುಳ್ಳು ಹೂಗೊನೆ ಎದ್ದ ಕೂಡಲೇ ಕತ್ತರಿಸಿ, ಇಲ್ಲದಿದ್ದರೆ ಎಲೆ ಬರುವುದು ನಿಲ್ಲುತ್ತದೆ. ಅಂದಹಾಗೆ ಇದರ ಮೂಲ ಆಫ್ರಿಕಾ ಅಲ್ಲವೇ ಅಲ್ಲ, ಅಮೆರಿಕ ಖಂಡದ ಬಿಸಿ ಸೀಮೆಗಳು. ಹೆಸರಿನ ರಾಮಾಯಣ ಇಲ್ಲೂ ಬಿಡಲಿಲ್ಲ ನೋಡಿ.

ನೆರಳು ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಅಡಿಕೆ ತೋಟ. ಒಂದೆಲಗ ಅಲ್ಲಿ ತಾನಾಗಿಯೇ ಹಬ್ಬುತ್ತದೆ, ನಿಜ. ಆದರೆ ಮೇಲೆ ನೋಡಿ. ಕೊಳೆರೋಗಕ್ಕೆ ಮಳೆಯ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಮದ್ದು ಬಿಡುತ್ತೇವಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿದ ಬೋರ್ಡೋ ದ್ರಾವಣ. ಅದು ತೊಟ್ಟಿಕ್ಕುವುದು ಈ ಎಲೆಗಳ ಮೇಲೆಯೇ. ಎರಡನೇ ಮದ್ದಿನ ಹೊತ್ತೂ ಆಟಿಯ (ಜುಲೈ–ಆಗಸ್ಟಿನ ತುಳು ತಿಂಗಳು) ತಂಬುಳಿಯ ಹೊತ್ತೂ ಒಂದೇ. ಗೇರು ತೋಟಗಳಿಗೆ ಮೇಲಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು 2000ನೇ ಇಸವಿಯವರೆಗೂ ಕಂಡ ಎಣ್ಮಕಜೆಯ ಕಡೆಯವರಿಗೆ ಎಲೆಯ ಮೇಲೆ ಏನು ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್ಡೋ ಅಂಥ ವಿಷ ಅಲ್ಲ, ಹೋಲಿಸುವುದೂ ತಪ್ಪು. ಆದರೂ ಹಸಿಯಾಗಿ ಅರೆಯುವ ಸೊಪ್ಪಿನ ಮೇಲೆ ಅದು ಬೇಡ. ತೋಟದಿಂದ ನಾಲ್ಕು ಬಳ್ಳಿ ಕಿತ್ತು ತಂದು ಬಾವಿಯ ಹತ್ತಿರ, ಮದ್ದು ತಾಗದಲ್ಲಿ, ಹಬ್ಬಿಸಿಕೊಳ್ಳಿ. ಬಚ್ಚಲಿನ ನೀರು ಹೋಗುವ ತೋಡಿನ ಬದಿಯದ್ದೂ ಬೇಡ.

ಇನ್ನು ಮದ್ದಿನ ಗಿಡಗಳು. ಇಲ್ಲಿ ನಾನು ಸ್ವಲ್ಪ ಜುಗ್ಗಿ. ಆಡುಸೋಗೆ ಬೇಲಿಗೆ ಇರಲಿ, ದನ ಮುಟ್ಟುವುದಿಲ್ಲ, ಬಿಸಿಲಿಗೂ ಬಗ್ಗುವುದಿಲ್ಲ. ಗರ್ಭಿಣಿಯರು ಮಾತ್ರ ಅದರ ಕಷಾಯ ಕುಡಿಯಬಾರದು, ಅದು ಗರ್ಭಕೋಶವನ್ನು ಸಂಕೋಚಿಸುತ್ತದೆ. ಅಮೃತಬಳ್ಳಿಯನ್ನು ಕೊರೋನಾ ಕಾಲದಲ್ಲಿ ಎಲ್ಲರೂ ನೆಟ್ಟರು, ಎಲ್ಲರೂ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದವರಲ್ಲಿ ಲಿವರಿನ ತೊಂದರೆ ಕಂಡದ್ದನ್ನು ವರದಿ ಮಾಡಿದರು. ಗಿಡವನ್ನೇ ಸರಿಯಾಗಿ ಗುರುತಿಸಿರಲಿಕ್ಕಿಲ್ಲ ಎಂದಿತು ಆಯುಷ್ ಸಚಿವಾಲಯ. ವಾದ ಏನೇ ಇರಲಿ, ಕಾಂಡದ ತುಂಬ ಗಂಟುಗಂಟು ಇರುವ ಬಳ್ಳಿ ಸಿಕ್ಕರೆ ಅದು ಅದರ ದಾಯಾದಿ, ಬಿಟ್ಟುಬಿಡಿ. ನಿಜವಾದ ಅಮೃತಬಳ್ಳಿಯನ್ನೂ ತಿಂಗಳುಗಟ್ಟಲೆ ಸುಮ್ನೆ ಕುಡಿಯುವುದು ಬೇಡ. ಲಿವರಿನ ತೊಂದರೆ ಮೊದಲೇ ಇದ್ದರೆ ಬೇಡವೇ ಬೇಡ.

ಚಕ್ರಮುನಿ, ಅಂದರೆ ನಮ್ಮ ವಿಟಮಿನ್ ಸೊಪ್ಪು, ಒಳ್ಳೆಯ ಗಿಡ. ಕಡ್ಡಿ ಊರಿದರೆ ಬೇಲಿಯೇ ಆಗುತ್ತದೆ. ಬೇಯಿಸಿ ಪಲ್ಯ ಮಾಡಿ. ಹಸಿ ರಸ ಕುಡಿಯುವ ಹುಚ್ಚು ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸ ದಿನಾ ಕುಡಿದ ಎಷ್ಟೋ ಮಂದಿಗೆ ಶ್ವಾಸಕೋಶ ಹಾಳಾಗಿ ಮತ್ತೆ ಸರಿಯಾಗಲಿಲ್ಲ. ಇನ್ಸುಲಿನ್ ಗಿಡದ ಬಗ್ಗೆ ಒಂದೇ ಮಾತು: ಎಲೆ ಬೇಕಾದರೆ ಅಗಿಯಿರಿ, ಮಾತ್ರೆ ಬಿಡಬೇಡಿ.

ಮಳೆಗೆ ತಾನಾಗಿ ಏಳುವ ನೆಲನೆಲ್ಲಿಯನ್ನು ನೆಡಬೇಕಾಗಿಯೇ ಇಲ್ಲ, ಕೀಳದಿದ್ದರೆ ಸಾಕು. ಆದರೆ ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ನೆಲನೆಲ್ಲಿ. ನೆಲನೆಲ್ಲಿಯನ್ನು ನಂಬಿ ಹದಿನೈದು ದಿನ ಮನೆಯಲ್ಲೇ ಕೂತು ಬಂದವರನ್ನು ನೋಡಿದ್ದೇನೆ.

ಅಂಗಳದಲ್ಲಿ ನೆಡದಿದ್ದರೂ ಗುರುತು ಹಿಡಿಯಲೇಬೇಕಾದ ಮರ ಒಂದುಂಟು, ಹಾಲೆ. ತುಳುವಿನಲ್ಲಿ ಪಾಲೆ, ಮಲಯಾಳದಲ್ಲಿ ಏಳಿಲಂಪಾಲ. ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ಅದರ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಕತ್ತಲು, ಮಳೆ, ನಿದ್ದೆಗಣ್ಣು. ಅದೇ ಗುಡ್ಡೆಯಲ್ಲಿ ಕಾಸರಕದ ಮರವೂ ಇರುತ್ತದೆ, ಕಾಸರಗೋಡಿನ ಹೆಸರೇ ಅದರಿಂದ ಬಂತು ಎನ್ನುವವರಿದ್ದಾರೆ. ಅದರ ತೊಗಟೆ ಹೊಟ್ಟೆಗೆ ಹೋದರೆ ಪ್ರಾಣವೇ ಹೋದೀತು. ಹಾಲೆಯ ಎಲೆ ಗೆಲ್ಲಿನ ಸುತ್ತ ಹೂವಿನ ಎಸಳಿನ ಹಾಗೆ ಏಳರ ಆಸುಪಾಸು ಇರುತ್ತದೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎರಡೆರಡೇ, ಎದುರುಬದುರು; ಹಾಲು ಇಲ್ಲ. ಕತ್ತಲಲ್ಲಿ ಇದೆಲ್ಲ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲಲ್ಲೇ ಹೋಗಿ, ಮರ ನೋಡಿ, ಕಾಂಡಕ್ಕೆ ಬಾಳೆಹಗ್ಗ ಕಟ್ಟಿ ಬರುತ್ತೇವೆ. ಮರುದಿನ ಬೆಳಗಿನ ಜಾವ ಹೋಗುವ ಹುಡುಗನಿಗೆ ಹೇಳುವುದು ಇಷ್ಟೇ: ಹಗ್ಗ ಕೈಗೆ ಸಿಗದಿದ್ದರೆ ಖಾಲಿ ಕೈಯಲ್ಲಿ ಬಾ.