ಹತ್ತರಿಂದ ಐದಕ್ಕೆ ಇಳಿದಾಗ ಏಳುವ ದದ್ದು

ನಮ್ಮ ಚಿಕ್ಕಪ್ಪನಿಗೆ ಮಳೆಗಾಲ ಬಂತೆಂದರೆ ಮುಖ ಕೆಂಪಾಗುತ್ತದೆ. ಮೊದಲು ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಆಮೇಲೆ ಕುತ್ತಿಗೆ, ಮೊಣಕೈ ಮಡಿಕೆ. ಚರ್ಮ ದಪ್ಪವಾಗಿ ಒಡೆಯುತ್ತದೆ. ರಾತ್ರಿಯಿಡೀ ತುರಿಕೆ. ತುಮಕೂರು ಕಡೆ ಅವರದು ರಾಗಿ ಹೊಲ, ಬದುವಿನ ತುಂಬ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇಷ್ಟು ಕೇಳಿದರೆ ಚರ್ಮದ ಡಾಕ್ಟರಿಗೆ ರೋಗ ಅರ್ಧ ಗೊತ್ತಾಗಿಬಿಡುತ್ತದೆ.

ಡಾಕ್ಟರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದರು. ದಿನಕ್ಕೆ 40 ಮಿಲಿಗ್ರಾಂ. ನಾಲ್ಕೇ ದಿನದಲ್ಲಿ ಚಿಕ್ಕಪ್ಪ ನೆಮ್ಮದಿಯಾಗಿ ನಿದ್ದೆ ಮಾಡಿದರು. ಆಮೇಲೆ ಡೋಸ್ ಇಳಿಸುತ್ತಾ ಬಂದರು. 40 ಹೋಗಿ 30 ಆಯಿತು, ಆಮೇಲೆ 20, ಆಮೇಲೆ 10. ಏನೂ ತೊಂದರೆಯಿಲ್ಲ. 10ರಿಂದ 5ಕ್ಕೆ ಇಳಿದ ವಾರವೇ ರೆಪ್ಪೆ ಮತ್ತೆ ಊದಿತು.

ಮನೆಯಲ್ಲಿ ತಲೆಗೊಂದು ಕಾರಣ. ಚಿಕ್ಕಮ್ಮ ಬದನೆಕಾಯಿ ನಂಜು ಎಂದರು. ಪಕ್ಕದ ಮನೆಯವರು ನಾಗದೋಷ ಎಂದರು. ಚಿಕ್ಕಪ್ಪ ಮಾತ್ರ, 'ಇಂಗ್ಲಿಷ್ ಮದ್ದು ಒಳಗೆ ವಿಷ ತುಂಬಿತ್ತು, ಈಗ ಹೊರಗೆ ಬರ್ತಾ ಇದೆ' ಎಂದು ಮಾತ್ರೆಯ ಪಟ್ಟಿಯನ್ನೇ ಎಸೆಯಲು ಹೊರಟರು. ನನಗೆ ಭಯವಾಗಿದ್ದು ಈ ಮಾತಿಗೆ. ಬದನೆಕಾಯಿ ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಒಂದೇ ದಿನ ಬಿಟ್ಟರೆ ಜೀವಕ್ಕೇ ಅಪಾಯ ಬರಬಹುದು.

ವಿಷದ ಮಾತನ್ನು ಮೊದಲು ಮುಗಿಸಿಬಿಡೋಣ. ಇವತ್ತು ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್‌ನ ಕೆಲಸ ಹೆಚ್ಚೆಂದರೆ ನಾಳೆ ಸಂಜೆಯ ಹೊತ್ತಿಗೆ ಮುಗಿದಿರುತ್ತದೆ. ಅದಕ್ಕೇ ಅಲ್ವಾ ದಿನಾ ನುಂಗಬೇಕಾಗಿರುವುದು? ಚರ್ಮದ ಕೆಳಗೆ ಕೂತು, ಹೊರಗೆ ಬರಲು ಕಾಯುವ ವಸ್ತು ಅದಲ್ಲ.

ಹಾಗಾದರೆ ಒಳಗೆ ಕೂತಿರುವುದು ಏನು? ನೆನಪು. ಕಾಂಗ್ರೆಸ್ ಗಿಡದ ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ಇದೆ. ಅದರ ಕಣ ತೀರಾ ಚಿಕ್ಕದು. ಚರ್ಮಕ್ಕೆ ತಾಗಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ, ನಮ್ಮ ರಕ್ಷಣೆಯ ಟಿ ಜೀವಕೋಶಗಳು ಅದನ್ನು ಶತ್ರು ಎಂದು ಗುರುತು ಹಿಡಿಯುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಆ ಗುರುತು ಸುಲಭಕ್ಕೆ ಅಳಿಸುವುದಿಲ್ಲ. ನೆನಪಿಟ್ಟುಕೊಂಡ ಜೀವಕೋಶಗಳಲ್ಲಿ ಕೆಲವು ಚರ್ಮದಲ್ಲೇ ವರ್ಷಗಟ್ಟಲೆ ಮನೆ ಮಾಡಿಕೊಂಡಿರುತ್ತವೆ. ಸ್ಟೀರಾಯ್ಡ್ ಅವುಗಳ ಬಾಯಿ ಮುಚ್ಚಿಸುತ್ತದೆ, ಊರು ಬಿಡಿಸುವುದಿಲ್ಲ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಅದೇ. ಚಿಕ್ಕಪ್ಪನ ಹೊಲದಲ್ಲಂತೂ ಕೆಂಡಕ್ಕೆ ದಿನಾ ಹೊಸ ಸೌದೆ ಬೀಳುತ್ತಿತ್ತು. ಗಿಡ ಒಣಗಿದ ಮೇಲೂ ಅದರ ಪುಡಿ ಗಾಳಿಯಲ್ಲಿ ಹಾರಿ ಬಂದು ರೆಪ್ಪೆಯ ಮೇಲೆ, ಕುತ್ತಿಗೆಯ ಮಡಿಕೆಯಲ್ಲಿ ಕೂರುತ್ತದೆ.

ಈ ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು. 1955ರಲ್ಲಿ ಪುಣೆಯಲ್ಲಿ ಇದು ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತು ಎಂದು ಹೇಳುತ್ತಾರೆ. ಮುಂದಿನ ಎರಡು ದಶಕಗಳಲ್ಲಿ ಬೆಂಗಳೂರಿನ ಖಾಲಿ ಸೈಟು, ರೈಲು ಹಳಿ, ರಸ್ತೆ ಬದಿ ಎಲ್ಲ ಇದರದೇ ಆಯಿತು. 1984ರಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಜೈಗೊಗ್ರಾಮಾ ಎಂದು ಅದರ ಹೆಸರು. ಕೆನೆ ಬಣ್ಣದ ಬೆನ್ನು, ಮೇಲೆ ಕಂದು ಪಟ್ಟೆ. ಮಳೆ ಬಿದ್ದ ಮೇಲೆ ನೆಲದಿಂದ ಎದ್ದು ಬಂದು ಕಾಂಗ್ರೆಸ್ ಎಲೆಯನ್ನು ಜಾಲರಿಯ ಹಾಗೆ ತಿಂದುಹಾಕುತ್ತದೆ. ಅದನ್ನು ನೋಡುತ್ತಾ ಬದುವಿನ ಮೇಲೆ ಅರ್ಧ ಗಂಟೆ ಕೂತಿದ್ದೇನೆ, ಅಷ್ಟು ಚಂದ. ಆದರೆ ಗಿಡ ಅದರ ಹೊಟ್ಟೆಗಿಂತ ಜಾಸ್ತಿ ಇದೆ.

ಮಾತ್ರೆಗೆ ಬರೋಣ. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಕೀಲುವಾತದ ರೋಗಿಯೊಬ್ಬರಿಗೆ ಕಾಮಾಲೆ ಆದಾಗ ಕೀಲುನೋವೇ ಹೋಯಿತು. ಬಸುರಿಯರಲ್ಲೂ ನೋವು ತಗ್ಗುವುದನ್ನು ಅವರು ಕಂಡರು. ದೇಹವೇ ಏನೋ ಮದ್ದು ತಯಾರಿಸುತ್ತಿದೆ ಎಂಬ ಗುಮಾನಿ. ಸುಮಾರು 20 ವರ್ಷ ಹಿಡಿಯಿತು. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವನ್ನು 1948ರ ಸೆಪ್ಟೆಂಬರ್‌ನಲ್ಲಿ ಕೀಲುವಾತದ ಒಬ್ಬ ಮಹಿಳೆಗೆ ಚುಚ್ಚಿದರು. ಹಾಸಿಗೆಯಲ್ಲಿ ಹೊರಳಲೂ ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಅದೇ ಕಾರ್ಟಿಸೋನ್, ಪ್ರೆಡ್ನಿಸೊಲೋನ್‌ನ ಅಣ್ಣ. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಮದ್ದು ನಿಲ್ಲಿಸಿದರೆ ರೋಗ ಮರಳುತ್ತದೆ ಎನ್ನುವುದು ಆ ಮೊದಲ ರೋಗಿಗಳಲ್ಲೇ ಕಂಡಿತ್ತು. ಅಂದರೆ ಚಿಕ್ಕಪ್ಪನಿಗೆ ಆದದ್ದು ಹೊಸ ಸಂಗತಿಯೇ ಅಲ್ಲ.

ಆದರೆ 40ರಿಂದ 30ಕ್ಕೆ ಇಳಿದಾಗ ಸುಮ್ನೆ ಇದ್ದ ದದ್ದು 10ರಿಂದ 5ಕ್ಕೆ ಇಳಿದಾಗ ಯಾಕೆ ಎದ್ದಿತು? ನನಗೆ ತುಂಬ ಇಷ್ಟವಾದ ಲೆಕ್ಕ ಇದು. 40ರಿಂದ 30 ಎಂದರೆ ಕಾಲು ಭಾಗ ಕಡಿಮೆ. 10ರಿಂದ 5 ಎಂದರೆ ಅರ್ಧಕ್ಕರ್ಧ. ಮೊದಲನೆಯದರಲ್ಲಿ ಕಡಿಮೆಯಾದದ್ದು 10 ಮಿಲಿಗ್ರಾಂ, ಎರಡನೆಯದರಲ್ಲಿ ಬರೀ 5. ಆದರೂ ಚರ್ಮಕ್ಕೆ ಎರಡನೆಯದೇ ದೊಡ್ಡ ಹೊಡೆತ.

ಇನ್ನೊಂದು ಲೆಕ್ಕ ಇದೆ. ನಮ್ಮ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ತಯಾರಿಸುತ್ತವೆ. ಅದೂ ಸ್ಟೀರಾಯ್ಡೇ, ನಮ್ಮದೇ ಮನೆಯ ಸ್ಟೀರಾಯ್ಡ್. ಅದರ ದಿನದ ಬಲ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಹೊರಗಿನಿಂದ 40 ಬಂದರೆ ದೇಹಕ್ಕೆ ಎಂಟು ಪಟ್ಟು ಸಿಕ್ಕಂತೆ. ಆಗ ಮೆದುಳು ಏನು ಮಾಡುತ್ತದೆ?

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ತುಂಬಿದರೆ ಮೋಟಾರ್ ತಾನಾಗಿ ನಿಲ್ಲುತ್ತದೆ. ಹೊರಗಿನ ಟ್ಯಾಂಕರ್ ದಿನಾ ಬಂದು ತುಂಬಿಸಿ ಹೋದರೆ ನಮ್ಮ ಮೋಟಾರಿಗೆ ಕೆಲಸವೇ ಇಲ್ಲ. ದೇಹದಲ್ಲಿ ಆ ಸ್ವಿಚ್ ಇರುವುದು ಮೆದುಳಿನ ಬುಡದಲ್ಲಿ, ಹೈಪೋಥಲಾಮಸ್ ಮತ್ತು ಪಿಟ್ಯುಟರಿಯಲ್ಲಿ. ರಕ್ತದಲ್ಲಿ ಸ್ಟೀರಾಯ್ಡ್ ಸಾಕಷ್ಟಿದೆ ಎಂದು ತಿಳಿದ ಕೂಡಲೇ ಅವು ಅಡ್ರಿನಲ್‌ಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತವೆ. ಕೆಲವು ದಿನ ನಿಂತ ಮೋಟಾರ್ ಸ್ವಿಚ್ ಹಾಕಿದರೆ ಓಡುತ್ತದೆ. ತಿಂಗಳುಗಟ್ಟಲೆ ನಿಂತರೆ ಜಾಮ್ ಆಗುತ್ತದೆ. ಮೋಟಾರಿಗಿಂತ ಹಸುವಿನ ಉದಾಹರಣೆ ಇನ್ನೂ ಸರಿ, ಯಾಕೆಂದರೆ ಗ್ರಂಥಿ ಜೀವಂತ ವಸ್ತು. ಹಾಲು ಕರೆಯುವುದನ್ನು ಬಿಟ್ಟರೆ ಕೆಚ್ಚಲು ಬತ್ತುತ್ತದೆ. ಅಡ್ರಿನಲ್ ಗ್ರಂಥಿಯೂ ಆಜ್ಞೆ ಬಾರದೆ ಕುಗ್ಗುತ್ತದೆ, ನಿಜವಾಗಿಯೂ ಗಾತ್ರದಲ್ಲೇ ಸಣ್ಣದಾಗುತ್ತದೆ. ಒಂದು ವ್ಯತ್ಯಾಸ ಉಂಟು. ಬತ್ತಿದ ಕೆಚ್ಚಲಿಗೆ ಮತ್ತೆ ಹಾಲು ಬರಲು ಹಸು ಇನ್ನೊಮ್ಮೆ ಕರು ಹಾಕಬೇಕು. ಅಡ್ರಿನಲ್ ಹಾಗಲ್ಲ. ಆಜ್ಞೆ ಮತ್ತೆ ಬರತೊಡಗಿದರೆ ನಿಧಾನಕ್ಕೆ ಬೆಳೆದು ಕೆಲಸಕ್ಕೆ ಹತ್ತುತ್ತದೆ. ನೇಗಿಲು ಬಿಟ್ಟು ವರ್ಷವಾದ ಎತ್ತಿಗೆ ಮೊದಲ ದಿನವೇ ಇಡೀ ಹೊಲ ಉಳಲು ಆಗುತ್ತದೆಯೇ? ದಿನಕ್ಕೆರಡು ಸಾಲು, ಮೂರು ಸಾಲು. ಇದಕ್ಕೆ ಕೆಲವರಲ್ಲಿ ತಿಂಗಳುಗಳೇ ಬೇಕು.

ಈಗ ಎರಡೂ ಲೆಕ್ಕ ಸೇರಿಸಿ. ಡೋಸ್ 5ಕ್ಕೆ ಬಂದಾಗ ಹೊರಗಿನ ಮದ್ದು ಮನೆಯ ಮದ್ದಿನ ಮಟ್ಟಕ್ಕೆ ಇಳಿದಿದೆ. ಮನೆಯ ಮೋಟಾರ್ ಇನ್ನೂ ಎದ್ದಿಲ್ಲ. ಅದಕ್ಕಿಂತ ಕೆಳಗೆ ಇಳಿದರೆ, ಆರೋಗ್ಯವಂತರಿಗೆ ಸದಾ ಇರುವ ಕಾರ್ಟಿಸಾಲ್ ಕೂಡ ರೋಗಿಗೆ ಇರುವುದಿಲ್ಲ. ಅತ್ತ ಚರ್ಮದಲ್ಲಿ ಕೆಂಡ ಹಾಗೇ ಇದೆ. ದದ್ದು ಏಳದೆ ಇನ್ನೇನು? ಸುಸ್ತು, ತಲೆಸುತ್ತು, ವಾಂತಿ, ರಕ್ತದೊತ್ತಡ ಕುಸಿಯುವುದು, ಇವೂ ಸೇರಿಕೊಂಡರೆ ಅದು ಬರೀ ಚರ್ಮದ ವಿಷಯವಲ್ಲ. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮುಲಾಮಿನಲ್ಲೂ ಹೀಗಾಗುತ್ತದೆ, ದಾರಿ ಸ್ವಲ್ಪ ಬೇರೆ. ಬೆಳ್ಳಗಾಗಲೆಂದು ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಕ್ರೀಮ್ ಹಚ್ಚಿದವರು ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ. ಉರಿ ತಡೆಯದೆ ಮತ್ತೆ ಹಚ್ಚುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. 1979ರಲ್ಲಿ ಕ್ಲಿಗ್‌ಮನ್ ಮತ್ತು ಫ್ರಾಶ್ ಎಂಬ ಚರ್ಮದ ಡಾಕ್ಟರುಗಳು ಇದನ್ನು ಸ್ಟೀರಾಯ್ಡ್ ಚಟ ಎಂದೇ ಕರೆದರು. ನಮ್ಮಲ್ಲಿ 2018ರಲ್ಲಿ ಇಂಥ ಹಲವು ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿದರು. ಆದರೂ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಚಿಕ್ಕಪ್ಪನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡು ದಿನ ಬಿಟ್ಟು ತೆಗೆದಾಗ ಪಾರ್ಥೇನಿಯಂ ಇದ್ದ ಜಾಗ ಕೆಂಪಗೆ ಊದಿತ್ತು. ಡೋಸನ್ನು ಮತ್ತೆ 10ಕ್ಕೆ ಏರಿಸಿ, ಜೊತೆಗೆ ರಕ್ಷಣೆಯ ಜೀವಕೋಶಗಳ ಆರ್ಭಟ ತಗ್ಗಿಸುವ ಅಜಾಥಿಯೋಪ್ರಿನ್ ಎಂಬ ಇನ್ನೊಂದು ಮದ್ದು ಶುರು ಮಾಡಿದರು. ಪಾರ್ಥೇನಿಯಂ ಇಸಬಿಗೆ ದೆಹಲಿಯ ಏಮ್ಸ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಇದು ಕೆಲಸ ಶುರು ಮಾಡಲು ವಾರಗಳು ಬೇಕು. ರಕ್ತದ ಬಿಳಿ ಕಣ, ಲಿವರ್ ಎರಡನ್ನೂ ಆಗಾಗ ನೋಡುತ್ತಿರಬೇಕು. ಸೌದೆ ತಪ್ಪಿಸಲು ಬದುವಿನ ಗಿಡವನ್ನು ಹೂ ಬಿಡುವ ಮೊದಲೇ ಬೇರೆಯವರು ಕೈಗವಸು ಹಾಕಿ ಕಿತ್ತರು. ಹೊಲದಿಂದ ಬಂದ ಕೂಡಲೇ ಸ್ನಾನ, ಬಟ್ಟೆ ಬದಲು. ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದ ಸೇವಂತಿಗೆಯೂ ಕೆಲವರಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಚಿಕ್ಕಮ್ಮ ದೇವರ ಪಟಕ್ಕೆ ಮಲ್ಲಿಗೆ ತರಿಸುತ್ತಿದ್ದಾರೆ.

ಈ ಸಲ 10ರಿಂದ 5ಕ್ಕೆ ಒಮ್ಮೆಲೇ ಧುಮುಕಲಿಲ್ಲ. 9, 8, 7 ಎಂದು ವಾರಗಟ್ಟಲೆ ನಿಂತು ನಿಂತು ಇಳಿದರು. 3ಕ್ಕೆ ಬಂದಾಗ ಒಂದು ಬೆಳಿಗ್ಗೆ ಎಂಟು ಗಂಟೆಗೆ, ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟರು. ಕಾರ್ಟಿಸಾಲ್ ಮುಂಜಾನೆಯೇ ಜಾಸ್ತಿ ಇರುವುದರಿಂದ ಅದೇ ಹೊತ್ತು ಬೇಕು. ವರದಿ ನೋಡಿದ ಡಾಕ್ಟರು ಗ್ರಂಥಿ ಎದ್ದಿದೆ ಎಂದರು. ಚಿಕ್ಕಪ್ಪ ಆ ಕಾಗದವನ್ನು ಪಹಣಿಯ ಜೊತೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.