ಎಡೆದೊರೆಯ ಮಣ್ಣು, ಕಡಲಾಳದ ಬೋರು

ಕುಷ್ಟಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಮೂರನೇ ಬೋರು ಕೊರೆಸಿದ್ದು ಏಪ್ರಿಲ್ ತಿಂಗಳ ಒಂದು ರಾತ್ರಿ. ರಿಗ್ ಲಾರಿ ತಮಿಳುನಾಡು ಕಡೆಯದು. ಒಂದೊಂದು ರಾಡ್ ಇಳಿದಾಗಲೂ ಹೊರಗೆ ಬಂದ ಪುಡಿಯನ್ನು ಅಪ್ಪ ಅಂಗೈಗೆ ತಗೊಂಡು ಬ್ಯಾಟರಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಇನ್ನೂರು ಅಡಿ ದಾಟಿದ ಮೇಲೆ ಬರೀ ಬೂದಿ ಬಣ್ಣದ ಧೂಳು. 430 ಅಡಿಗೆ ಪುಡಿ ಸ್ವಲ್ಪ ಒದ್ದೆಯಾಯಿತು, ಎಲ್ಲರೂ ಎದ್ದು ನಿಂತೆವು. 500ಕ್ಕೆ ಮತ್ತೆ ಧೂಳು. ಬೆಳಕು ಹರಿಯುವ ಹೊತ್ತಿಗೆ 640 ಅಡಿಗೆ ನಿಲ್ಲಿಸಿ, ಕೇಸಿಂಗ್ ಪೈಪಿನ ಬಾಯಿ ಮುಚ್ಚಿ, ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಟ್ಟು ಮನೆಗೆ ಬಂದೆವು. ಫೇಲಾದ ಬೋರಿಗೂ ಅಡಿಗೆ ಅಷ್ಟೇ ರೇಟು.

ಕಡಲಾಳದಲ್ಲಿ ಎಣ್ಣೆ ಹುಡುಕುವ ಸುದ್ದಿ ಓದಿದಾಗೆಲ್ಲ ನನಗೆ ಆ ರಾತ್ರಿಯೇ ನೆನಪಾಗುತ್ತದೆ. 2025ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ರಾಷ್ಟ್ರೀಯ ಆಳಸಮುದ್ರ ಅನ್ವೇಷಣಾ ಮಿಷನ್ ಘೋಷಿಸಿ, ಅದನ್ನು ಸಮುದ್ರ ಮಂಥನ ಎಂದು ಕರೆದರು. ಮರುತಿಂಗಳೇ ಅಂಡಮಾನ್ ಕಡಲಿನಲ್ಲಿ ಅನಿಲದ ಸುಳಿವು ಸಿಕ್ಕ ಸುದ್ದಿ ಬಂತು. ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ಡೀಸೆಲ್ ಇನ್ನೇನು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ಓಡಾಡಿತು. ಟ್ರ್ಯಾಕ್ಟರ್, ಕಟಾವು ಮಷೀನು, ಭತ್ತದ ಲಾರಿ ಎಲ್ಲವೂ ಡೀಸೆಲ್ ಮೇಲೆ ನಿಂತಿರುವ ಊರಿಗೆ ಆ ಆಸೆ ಸಹಜ. ನಾವು ಸುಡುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶದ್ದು. ಅದಕ್ಕೇ ಈ ಹುಡುಕಾಟ ಎಲ್ಲಿಂದ ಶುರುವಾಯಿತು, ಎಲ್ಲಿ ಗೆದ್ದಿತು, ಎಲ್ಲಿ ಬಿದ್ದಿತು ಎಂಬುದನ್ನು ನಮ್ಮವರು ತಿಳಿದಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಎಣ್ಣೆ ನಮ್ಮ ಕಾಲಡಿಯಲ್ಲಿ ಯಾಕಿಲ್ಲ? ಹಟ್ಟಿ ಚಿನ್ನದ ಗಣಿಯವರು 2,000 ಅಡಿಗೂ ಕೆಳಗೆ ಇಳಿದಿದ್ದಾರೆ, ಅಲ್ಲಿ ಸಿಕ್ಕಿದ್ದು ಚಿನ್ನದ ಕಲ್ಲೇ ಹೊರತು ಎಣ್ಣೆಯಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಸಂಡೂರಿನ ಅದಿರು ಪದರಗಳು ಒಂದು ಕಾಲಕ್ಕೆ ಸಮುದ್ರದ ತಳದಲ್ಲೇ ಕೂತವು, ಆದರೆ ಆಮೇಲೆ ಮಡಚಿ, ಬೆಂದು, ಗಟ್ಟಿಯಾಗಿ ಹೋದವು. ಎಣ್ಣೆಗೆ ಬೇಕಾದದ್ದು ಬೇರೆ ಥರದ ನೆಲ. ನದಿ ತಂದ ಹೂಳು, ಸತ್ತ ಜೀವಿ, ಕೊಳೆತ ಗಿಡ ಇವೆಲ್ಲ ಪದರ ಪದರವಾಗಿ ಹೂತು, ಹದವಾದ ಕಾವಿನಲ್ಲಿ ಕಾಲ ಕಳೆದಿರಬೇಕು. ಮೇಲೊಂದು ಬಿಗಿಯಾದ ಮುಚ್ಚಳದ ಪದರವೂ ಇರಬೇಕು.

ಅಂಥ ನೆಲಕ್ಕೆ ಮಣ್ಣು ಕಳಿಸಿದವರಲ್ಲಿ ನಾವೂ ಇದ್ದೇವೆ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ, ನಡುವಿನ ಈ ರಾಯಚೂರು ಸೀಮೆಗೆ ಶಾಸನಗಳಲ್ಲಿ ಎಡೆದೊರೆ ಎಂದು ಹೆಸರು. ಎರಡೂ ಹೊಳೆ ನಮ್ಮನ್ನು ದಾಟಿದ ಮೇಲೆ ಕೂಡಿ ಬಂಗಾಳ ಕೊಲ್ಲಿ ಸೇರುತ್ತವೆ. ಕೋಟ್ಯಂತರ ವರ್ಷ ಕೃಷ್ಣೆ, ಗೋದಾವರಿ ಹೀಗೆ ಹೊತ್ತು ಹಾಕಿದ ಹೂಳು ಆಂಧ್ರದ ಕರಾವಳಿಯಾಚೆ ಕೆಲವೆಡೆ 5 ಕಿಲೋಮೀಟರಿಗೂ ದಪ್ಪವಾಗಿ ಕೂತಿದೆ. ಅದೇ ಕೃಷ್ಣಾ–ಗೋದಾವರಿ ಕೊಳ್ಳ, ಪೇಪರಿನಲ್ಲಿ ಕೆ.ಜಿ. ಬೇಸಿನ್ ಅನ್ನುವುದು. ಈಗ ತುಂಗಭದ್ರೆ ಹೊತ್ತು ತರುವ ಮಣ್ಣಿನ ದೊಡ್ಡ ಪಾಲು ಮುನಿರಾಬಾದಿನ ಅಣೆಕಟ್ಟಿನ ಹತ್ತಿರವೇ ನಿಲ್ಲುತ್ತಿದೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಸಿಂಧನೂರು, ಮಾನ್ವಿಯ ರೈತರು ಪ್ರತಿ ವರ್ಷ ಕಾಯುವುದಕ್ಕೆ ಆ ಹೂಳೂ ಒಂದು ಕಾರಣ.

ನೀರಿನೊಳಗೆ ಎಣ್ಣೆ ಬಾವಿ ಕೊರೆಯುವುದು ಹೊಸ ಸಾಹಸವಲ್ಲ. 1890ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸಮ್ಮರ್‌ಲ್ಯಾಂಡ್‌ನಲ್ಲಿ ದಡದಿಂದ ಮರದ ಸೇತುವೆ ಚಾಚಿ ಕೊರೆದರು. 1947ರಲ್ಲಿ ಕೆರ್-ಮೆಗೀ ಎಂಬ ಕಂಪನಿ ಲೂಸಿಯಾನಾದ ಆಚೆ, ದಡ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಎಣ್ಣೆ ತೆಗೆಯಿತು. ಅಲ್ಲಿ ನೀರಿನ ಆಳ 20 ಅಡಿಯ ಒಳಗೇ. ನಮ್ಮ ಹಳೇ ತೋಡುಬಾವಿಗಳೂ ಅದಕ್ಕಿಂತ ಆಳ. ನಿಜವಾದ ತಿರುವು 1961ರಲ್ಲಿ. ಮೆಕ್ಸಿಕೋದ ಆಚೆ ಕಸ್-1 ಎಂಬ ಹಡಗು, ಭೂಮಿಯ ಚಿಪ್ಪನ್ನೇ ತೂತು ಮಾಡುವ ಮೊಹೋಲ್ ಯೋಜನೆಗಾಗಿ, 3,500 ಮೀಟರಿಗೂ ಆಳದ ನೀರಿನಲ್ಲಿ ಲಂಗರಿಲ್ಲದೆ, ಸುತ್ತಲಿನ ಮೋಟಾರುಗಳ ಬಲದಿಂದಲೇ ಒಂದೇ ಕಡೆ ನಿಂತು ಕೊರೆಯಿತು. ಹುಡುಕಿದ್ದು ಎಣ್ಣೆಯನ್ನಲ್ಲ. ಆದರೂ ಇಂದಿನ ಎಲ್ಲ ಆಳಸಮುದ್ರದ ಡ್ರಿಲ್‌ಶಿಪ್‌ಗಳ ಮೂಲ ಅದೇ.

ನಮ್ಮ ದೇಶದ ಕಥೆಗೆ ಒಂದು ರೂಪಾಯಿಯ ಹಳೇ ನೋಟು ತೆಗೆದು ನೋಡಿ. ಮುಯ್ಯಿಗೆ ನೂರರ ಜೊತೆ ಸೇರಿಸಿ ಕೊಡುತ್ತಿದ್ದ ನೋಟು, ಅವ್ವನ ಟ್ರಂಕಿನಲ್ಲಿ ಈಗಲೂ ಹತ್ತಾರು ಇವೆ. ಎಂಬತ್ತರ ದಶಕದ ಆ ನೋಟಿನ ಹಿಂಭಾಗದಲ್ಲಿ ಅಲೆಗಳ ಮೇಲೆ ಕಾಲೂರಿ ನಿಂತ ಒಂದು ಕಬ್ಬಿಣದ ಅಟ್ಟಣಿಗೆ ಇದೆ. ಅದು ಸಾಗರ್ ಸಾಮ್ರಾಟ್. ಜಪಾನಿನಲ್ಲಿ ತಯಾರಾಗಿ 1973ರಲ್ಲಿ ಬಂದ ಈ ರಿಗ್ 1974ರ ಫೆಬ್ರವರಿಯಲ್ಲಿ ಮುಂಬೈ ಆಚೆಯ ಕಡಲಿನ ಬಾಂಬೆ ಹೈನಲ್ಲಿ (ಈಗಿನ ಮುಂಬೈ ಹೈ) ಎಣ್ಣೆ ಕಂಡಿತು. ಅಲ್ಲಿ ಎಣ್ಣೆಯ ಕುರುಹು ಇದೆ ಎಂದು ಮೊದಲು ಗುರುತಿಸಿದ್ದು ಅರವತ್ತರ ದಶಕದಲ್ಲಿ ಸೋವಿಯತ್ ಸರ್ವೇ ಹಡಗು. 1973ರ ಅರಬ್–ಇಸ್ರೇಲ್ ಯುದ್ಧದ ಬಳಿಕ ಅರಬ್ ದೇಶಗಳ ಎಣ್ಣೆ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಗಿತ್ತು, ಹಾಗಾಗಿ ಆ ಎಣ್ಣೆ ದೇಶದ ಜೀವ ಉಳಿಸಿತು ಎಂದರೆ ಹೆಚ್ಚಲ್ಲ. ಆದರೆ ಅಲ್ಲಿ ನೀರಿನ ಆಳ ಬರೀ 75 ಮೀಟರ್. ಕಾಲೂರಿ ನಿಲ್ಲಬಹುದಾದ ಕಡಲು ಅದು.

ಕಾಲು ನಿಲುಕದ ಕಡಲಿನಲ್ಲಿ ಲೆಕ್ಕವೇ ಬೇರೆ. ನಮ್ಮ ನೀತಿಯ ಪ್ರಕಾರ 400 ಮೀಟರ್ ದಾಟಿದರೆ ಆಳಸಮುದ್ರ, 1,500 ದಾಟಿದರೆ ಅತಿ ಆಳ. ಬೋರಿಗೆ ನೀರಿನ ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಹೊಲ ಸುತ್ತಿದಂತೆ ಇಲ್ಲಿ ಸರ್ವೇ ಹಡಗು ಕಡಲು ಸುತ್ತುತ್ತದೆ. ಏರ್‌ಗನ್ನಿನಿಂದ ಸದ್ದು ಹೊಮ್ಮಿಸಿ, ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲಿಗೆ ಕಟ್ಟಿದ ಮೈಕುಗಳಿಂದ ಕೆಳಗಿನ ಪದರಗಳ ಪ್ರತಿಧ್ವನಿ ಹಿಡಿದು, ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ಅರೆದು ಚಿತ್ರ ಬರೆಯುತ್ತಾರೆ. ಇಷ್ಟಾದರೂ ಕೊರೆಯುವ ತನಕ ಅದು ಊಹೆಯೇ. ಕೊರೆದರೆ ಒಂದು ಬಾವಿಗೆ 10 ಕೋಟಿ ಡಾಲರಿನಷ್ಟು ಖರ್ಚಾಗಬಹುದು.

2,000 ಮೀಟರ್ ಕೆಳಗೆ ನೀರಿನ ಒತ್ತಡ ಎಷ್ಟೆಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಭತ್ತ ಹೇರಿದಷ್ಟು. ಚಳಿ 4 ಡಿಗ್ರಿ ಆಸುಪಾಸು. ಮನುಷ್ಯ ಅಲ್ಲಿಗೆ ಇಳಿಯಲಾರ, ಬೋಲ್ಟ್ ತಿರುಗಿಸುವುದೂ ರೋಬಾಟ್. ಹಡಗಿನಿಂದ ತಳದವರೆಗೆ ರೈಸರ್ ಎಂಬ ದಪ್ಪ ಪೈಪು ಇಳಿಯುತ್ತದೆ. ಅದರ ಬುಡದಲ್ಲಿ, ಬಾವಿಯ ಬಾಯಿಗೆ, ನೂರಾರು ಟನ್ ತೂಗುವ ಬ್ಲೋಔಟ್ ಪ್ರಿವೆಂಟರ್ ಕೂತಿರುತ್ತದೆ. ಅನಾಹುತವಾದರೆ ಬಾವಿಯನ್ನು ಕಚ್ಚಿ ಮುಚ್ಚುವ ಕವಾಟ ಅದು. ನಮ್ಮ ಬೋರಿನಲ್ಲಿ ಪುಡಿಯನ್ನು ಗಾಳಿ ಮೇಲಕ್ಕೆ ಊದುತ್ತದೆ, ಅಲ್ಲಿ ಆ ಕೆಲಸ ಮಾಡುವುದು ಮಡ್. ಹೆಸರಿಗೆ ರಾಡಿಯಾದರೂ ಹದ ಹಾಕಿ ಕಲಸಿದ ದ್ರವ ಅದು. ಅದಕ್ಕೆ ತೂಕ ಕೊಡುವುದು ಬ್ಯಾರೈಟ್ಸ್ ಎಂಬ ಭಾರದ ಕಲ್ಲಿನ ಪುಡಿ. ಗುಂತಕಲ್ ದಾಟಿ ರೇಣಿಗುಂಟ ದಾರಿಯಲ್ಲಿ ತಿರುಪತಿಗೆ ಹೋಗುವ ನಮ್ಮವರು ಕೋಡೂರು ಹಾದು ಹೋಗುತ್ತಾರಲ್ಲ, ಅದರ ಹತ್ತಿರದ ಮಂಗಂಪೇಟೆಯಲ್ಲಿ ಜಗತ್ತಿನ ಅತಿದೊಡ್ಡ ಬ್ಯಾರೈಟ್ಸ್ ನಿಕ್ಷೇಪಗಳಲ್ಲೊಂದಿದೆ.

ಕಷ್ಟದ ಗುಟ್ಟೆಲ್ಲ ಈ ಮಡ್ಡಿನ ಹದದಲ್ಲಿದೆ. ತೂಕ ಕಡಿಮೆಯಾದರೆ ಕೆಳಗಿನ ಅನಿಲ ಉಕ್ಕಿ ಮೇಲೆ ಬರುತ್ತದೆ. ಹೆಚ್ಚಾದರೆ ಸುತ್ತಲಿನ ಪದರವೇ ಬಿರಿದು ಮಡ್ಡನ್ನು ನುಂಗುತ್ತದೆ. ನೆಲದ ಮೇಲೆ ಈ ಎರಡರ ನಡುವೆ ಸಾಕಷ್ಟು ಎಡೆ ಇರುತ್ತದೆ. ಆಳಸಮುದ್ರದಲ್ಲಿ ಎರಡು ಕಿಲೋಮೀಟರ್ ಕಲ್ಲು ಇರಬೇಕಾದ ಜಾಗದಲ್ಲಿ ಹಗುರವಾದ ನೀರಿದೆ, ಹಾಗಾಗಿ ಪದರಗಳು ಸಡಿಲ, ಎಡೆ ತೀರಾ ಕಿರಿದು. ಸ್ವಲ್ಪ ಕೊರೆದು ಕೇಸಿಂಗ್ ಇಳಿಸು, ಸಿಮೆಂಟ್ ಹಾಕು, ಅದರೊಳಗೆ ಇನ್ನೂ ಸಣ್ಣ ತೂತು ಕೊರೆ, ಹೀಗೆ ದುರ್ಬೀನಿನ ಕೊಳವೆಯಂತೆ ಕಿರಿದಾಗುತ್ತ ಇಳಿಯಬೇಕು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ ಈ ಹದ ತಪ್ಪಿತು. ಬುಡದ ಸಿಮೆಂಟ್ ಹಿಡಿದಿರಲಿಲ್ಲ. ಬಾವಿ ಭದ್ರವಾಗಿದೆಯೇ ಎಂದು ತಿಳಿಯಲು ಮಾಡಿದ ಒತ್ತಡದ ಪರೀಕ್ಷೆ ಅಪಾಯವನ್ನೇ ತೋರಿಸುತ್ತಿತ್ತು, ಅಲ್ಲಿದ್ದವರು ಅದನ್ನು ತಪ್ಪಾಗಿ ಓದಿದರು. ಅನಿಲ ಮೇಲೆ ಬಂದು ಡೀಪ್‌ವಾಟರ್ ಹೊರೈಜನ್ ರಿಗ್ ಹೊತ್ತಿ ಉರಿಯಿತು, 11 ಜನ ಸತ್ತರು. ಕಚ್ಚಿ ಮುಚ್ಚಬೇಕಿದ್ದ ಕವಾಟ ಮುಚ್ಚಲಿಲ್ಲ. 1,500 ಮೀಟರ್ ಆಳದಲ್ಲಿ 87 ದಿನ ಎಣ್ಣೆ ಸೋರಿತು. ಸೋರಿಕೆಯ ಮೇಲೆ ಇಳಿಸಿದ ಉಕ್ಕಿನ ಗೂಡೂ ಕೈಕೊಟ್ಟಿತು, ಯಾಕೆಂದರೆ ಆ ಚಳಿ ಮತ್ತು ಒತ್ತಡದಲ್ಲಿ ಅನಿಲ, ನೀರು ಸೇರಿ ಹೈಡ್ರೇಟ್ ಎಂಬ ಮಂಜುಗಡ್ಡೆಯಾಗಿ ಅದರ ಬಾಯಿ ಕಟ್ಟಿತು. ಕವಾಟ, ಸಿಮೆಂಟ್, ಪರೀಕ್ಷೆ ಎಲ್ಲಕ್ಕೂ ನಿಯಮ ಬಿಗಿಯಾದದ್ದು ಆ 11 ಜೀವ ಹೋದ ಮೇಲೆ.

ನಮ್ಮಲ್ಲಿ ಆಳಸಮುದ್ರದ ಬಾಗಿಲು ತೆರೆದದ್ದು 1999ರಲ್ಲಿ, ಹೊಸ ಅನ್ವೇಷಣಾ ಪರವಾನಗಿ ನೀತಿಯಡಿ ಬ್ಲಾಕುಗಳ, ಅಂದರೆ ಹುಡುಕಲು ಗುರುತು ಮಾಡಿದ ತುಂಡುಗಳ, ಹರಾಜು ಆರಂಭವಾದಾಗ. 2002ರಲ್ಲಿ ಕಾಕಿನಾಡದ ಆಚೆ ಕೆ.ಜಿ.-ಡಿ6 ಬ್ಲಾಕಿನಲ್ಲಿ ರಿಲಯನ್ಸ್ ದೊಡ್ಡ ಅನಿಲ ನಿಕ್ಷೇಪ ಕಂಡಿತು. 2009ರ ಏಪ್ರಿಲ್‌ನಲ್ಲಿ ಅನಿಲ ಹರಿಯಿತು. ಸರ್ಕಾರ ಮೊದಲ ಪಾಲು ಕೊಟ್ಟಿದ್ದು ಗೊಬ್ಬರ ಕಾರ್ಖಾನೆಗಳಿಗೆ. ಯೂರಿಯಾ ತಯಾರಾಗುವುದೇ ಈ ಅನಿಲದಿಂದ. 2025ರ ಮುಂಗಾರಿನಲ್ಲಿ ಕೊಪ್ಪಳದಲ್ಲಿ ಯೂರಿಯಾಕ್ಕೆ ಬೆಳಗಿನ ಜಾವವೇ ಚಪ್ಪಲಿ ಸಾಲಿಟ್ಟು ನಿಂತವರಿಗೆ ಕಡಲಾಳದ ಆ ಬಾವಿ ದೂರದ್ದಲ್ಲ.

ಕೆ.ಜಿ.-ಡಿ6ರ ಯೋಜನೆ ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲದ್ದು. 2010ರಲ್ಲಿ 6 ಕೋಟಿ ಮುಟ್ಟಿತು. ಅಲ್ಲಿಂದ ಕುಸಿಯುತ್ತ ಮೂರೇ ವರ್ಷದಲ್ಲಿ ಒಂದೂವರೆ ಕೋಟಿಯ ಕೆಳಗೆ ಬಂತು. ಮರಳಿನ ಪದರಗಳು ಎಣಿಸಿದಂತಿಲ್ಲ, ಬಾವಿಗೆ ನೀರು, ಮರಳು ನುಗ್ಗಿದೆ ಎಂದಿತು ಕಂಪನಿ. ಒಪ್ಪಿಕೊಂಡಷ್ಟು ಬಾವಿ ಕೊರೆಯಲಿಲ್ಲ ಎಂದಿತು ಸರ್ಕಾರ. ಖರ್ಚಿನ ಜಗಳ ಪಂಚಾಯ್ತಿಕೆಗೆ ಹೋಯಿತು. ಈ ಅನಿಲವನ್ನೇ ನಂಬಿ ಕಟ್ಟಿದ ಆಂಧ್ರದ ವಿದ್ಯುತ್ ಸ್ಥಾವರಗಳು ಉರಿಯಿಲ್ಲದೆ ನಿಂತವು. ನಮ್ಮ ಮೊದಲ ಬೋರು ಹೀಗೆಯೇ. ಕೊರೆದ ದಿನ ಎರಡೂವರೆ ಇಂಚು ನೀರು, ಅದನ್ನು ನೋಡಿ ಅಪ್ಪ ಎರಡು ಎಕರೆ ದಾಳಿಂಬೆ ಹಾಕಿದರು. ಮೂರನೇ ಬೇಸಿಗೆಗೆ ಮೋಟಾರು ಗಾಳಿ ಎಳೆಯಿತು. ನೀರು ಹೋದದ್ದಕ್ಕಿಂತ, ಮೊದಲ ದಿನದ ಇಂಚನ್ನು ನಂಬಿ ಮಾಡಿದ ಸಾಲ ನಮ್ಮನ್ನು ಹೆಚ್ಚು ನೋಯಿಸಿತು. ಆಳಸಮುದ್ರದ ವಿಷಯದಲ್ಲೂ ನನ್ನ ತಕರಾರು ಇಷ್ಟೇ. ಹುಡುಕಲಿ, ಖಂಡಿತ ಹುಡುಕಬೇಕು, ಬಾವಿಗಳು ಫೇಲಾದರೂ ತಪ್ಪಿಲ್ಲ. ಆದರೆ ಅಂದಾಜನ್ನು ಕೈಗೆ ಬಂದ ಎಣ್ಣೆಯೆಂದು ಜನರಿಗೆ ಹೇಳಬಾರದು.

ಅದೇ ಬ್ಲಾಕ್ ಮತ್ತೆ ಚೇತರಿಸಿಕೊಂಡದ್ದನ್ನೂ ಹೇಳಬೇಕು. 2011ರಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿ ಪಾಲುದಾರನಾಗಿ ಬಂತು. 2020ರ ಡಿಸೆಂಬರಿನಲ್ಲಿ ಆರ್-ಕ್ಲಸ್ಟರ್ ಎಂಬ ನಿಕ್ಷೇಪ, ಆಮೇಲೆ ಇನ್ನೆರಡು ನಿಕ್ಷೇಪ ಶುರುವಾದವು. ಆರ್-ಕ್ಲಸ್ಟರ್ ಇರುವುದು 2,000 ಮೀಟರಿಗೂ ಆಳದ ನೀರಿನಲ್ಲಿ. ಬಾವಿಯ ಮೇಲೆ ಅಟ್ಟಣಿಗೆಯೇ ಇಲ್ಲ, ಎಲ್ಲ ಕವಾಟ ತಳದಲ್ಲೇ. ಸುಮಾರು 60 ಕಿಲೋಮೀಟರ್ ಪೈಪಿನಲ್ಲಿ, ಹೈಡ್ರೇಟ್ ಕಟ್ಟದಂತೆ ಗ್ಲೈಕಾಲ್ ಬೆರೆಸಿ, ಅನಿಲವನ್ನು ಹಳೇ ಅಟ್ಟಣಿಗೆಗೆ ತರುತ್ತಾರೆ. ಪಕ್ಕದ ಬ್ಲಾಕಿನಲ್ಲಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ 2016ರಲ್ಲಿ ಮಂಜೂರು ಮಾಡಿದ ಯೋಜನೆಯಿಂದ ಮೊದಲ ಎಣ್ಣೆ ಬಂದದ್ದು 2024ರ ಜನವರಿಯಲ್ಲಿ.

ಈ ಲೆಕ್ಕಗಳ ನಡುವೆ ಕೆಲಸದವರನ್ನು ಮರೆಯುತ್ತೇವೆ. 2005ರ ಜುಲೈ 27ರಂದು ಮುಂಬೈ ಹೈನಲ್ಲಿ ಗಾಯಗೊಂಡಿದ್ದ ಅಡುಗೆಯವನೊಬ್ಬನನ್ನು ದಾಟಿಸಲು ಬಂದ ಹಡಗು ಅಟ್ಟಣಿಗೆಯ ಅನಿಲದ ಪೈಪಿಗೆ ಬಡಿಯಿತು. ಬೆಂಕಿಗೆ 22 ಜನ ಹೋದರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಪಿ-305 ಎಂಬ ವಸತಿ ಬಾರ್ಜ್ ಮುಳುಗಿತು. ಅದರ ಮತ್ತು ಜೊತೆಯ ಟಗ್ ದೋಣಿಯ ಸಾವು 80ಕ್ಕೂ ಹೆಚ್ಚು. ವೆಲ್ಡರ್, ಫಿಟ್ಟರ್, ಹೆಲ್ಪರ್ ಕೆಲಸಕ್ಕೆ ಊರು ಬಿಟ್ಟು ಹೋದ ಹುಡುಗರೇ ಅಲ್ಲಿ ಹೆಚ್ಚು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಕಲಿತು ಕಡಲಿಗೆ ಹೋಗಬೇಕೆನ್ನುವವರು ನನ್ನನ್ನು ಕೇಳಿದರೆ, ಸಂಬಳಕ್ಕೆ ಮೊದಲು ಚಂಡಮಾರುತದ ಮುನ್ಸೂಚನೆ ಬಂದಾಗ ದಡಕ್ಕೆ ಕರೆತರುವವರು ಯಾರು ಎಂದು ವಿಚಾರಿಸಿಕೊಳ್ಳಿ ಎನ್ನುತ್ತೇನೆ.

ಈಗ ಅಂಡಮಾನ್. ಸರ್ಕಾರಿ ಕಂಪನಿ ಆಯಿಲ್ ಇಂಡಿಯಾ ಕೊರೆದ ಶ್ರೀ ವಿಜಯಪುರಂ-2 ಬಾವಿಯಲ್ಲಿ ಸಿಕ್ಕ ಅನಿಲದಲ್ಲಿ ನೂರಕ್ಕೆ 87ರಷ್ಟು ಮೀಥೇನ್. ಮ್ಯಾನ್ಮಾರ್, ಇಂಡೊನೇಷ್ಯಾ ಕಡೆ ಇದೇ ಸಾಲಿನಲ್ಲಿ ಅನಿಲ ಇರುವುದರಿಂದ ಭೂವಿಜ್ಞಾನಿಗಳ ಆಸೆಗೆ ಆಧಾರವಿದೆ. ಆದರೆ ಅಲ್ಲಿ ನೀರು 295 ಮೀಟರ್, ನಮ್ಮದೇ ಅಳತೆಯಲ್ಲಿ ಅದಿನ್ನೂ ಆಳಸಮುದ್ರವಲ್ಲ. ನಿಕ್ಷೇಪ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಹರಿಯುತ್ತದೆ, ಎಷ್ಟು ದಿನ ಹರಿದೀತು ಎಂದು ತಿಳಿಯಲು ಅಕ್ಕಪಕ್ಕ ಇನ್ನಷ್ಟು ಬಾವಿ ಕೊರೆಯಬೇಕು. ಕಾಕಿನಾಡದಲ್ಲಿ ಕಂಡ ದಿನದಿಂದ ಹರಿದ ದಿನಕ್ಕೆ ಏಳು ವರ್ಷ ಹಿಡಿಯಿತು, ಅದೂ ದಡ ಹತ್ತಿರವಿದ್ದು, ಪೈಪ್‌ಲೈನ್ ಹಾಕಲು ಬಯಲು ನೆಲವಿದ್ದು. ದ್ವೀಪದಿಂದ ಅಷ್ಟೇ ಬೇಗ ಬಂದರೂ, ಆ ಅನಿಲ ಯಾವುದೋ ಗೊಬ್ಬರದ ಕಾರ್ಖಾನೆ ಮುಟ್ಟುವ ಹೊತ್ತಿಗೆ, ಈಗ ಸಿಂಧನೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಹುಡುಗಿ ಇಂಜಿನಿಯರಿಂಗ್ ಮುಗಿಸಿರುತ್ತಾಳೆ.